ನಾಲ್ಕು ಮಾತಿಗೊಂದು ಉಸಿರು

ಗದಗ, ಚೈತ್ರ ಮೂವತ್ತೆರಡು, ೨೧೯೧

ಪ್ರೀತಿಯ ಚನ್ನಬಸವ್ವಜ್ಜಿಗೆ,

ಚೈತ್ರಕ್ಕೆ ಮೂವತ್ತೆರಡನೆಯ ದಿನ ಎಲ್ಲಿಂದ ಬಂತು ಎಂದು ನೀನು ಬೈಯುವ ಮೊದಲೇ ಕ್ಷಮೆ ಕೇಳುತ್ತೇನೆ. ನಮ್ಮ ಕಾಲದ ತಿಂಗಳು ಉದ್ದ, ಮಾತೂ ನಿನಗೆ ವಿಚಿತ್ರವೆನಿಸಬಹುದು. ನಾನು ನಿನ್ನ ಮರಿಮಗಳ ಮರಿಮಗಳ ಮಗಳು ಸಿರಿಗಂಗೆ. ಕಸುಬಿನಲ್ಲಿ ಉಸಿರೋದುಗಿ, ಅಂದರೆ ಜನ ಮಾತಾಡುವುದನ್ನು ಕೇಳಿ ಎದೆಯ ರಕ್ತನಾಳ ಎಲ್ಲಿ ಕಿರಿದಾಗಿದೆ ಎಂದು ಹೇಳುವವಳು.

ನಮ್ಮ ಬೆಳಗು ಶುರುವಾಗುವುದೇ ಒಂದು ಉದ್ದ ಮಾತಿನಿಂದ. ಚಹಾಕ್ಕೆ ಮುಂಚೆ ಮನೆಮಂದಿಯೆಲ್ಲ ಅಡುಗೆಮನೆಯ ಕೇಳುಗೋಡೆಯ ಮುಂದೆ ನಿಂತು, ನಡುವೆ ನಿಲ್ಲಿಸದೆ ಏನಾದರೊಂದು ಹೇಳಬೇಕು. ಮಕ್ಕಳು ಮಗ್ಗಿ ಒಪ್ಪಿಸುತ್ತವೆ, ನಮ್ಮವ್ವ ನೆರೆಮನೆಯವರನ್ನು ಆಡಿಕೊಳ್ಳುತ್ತಾಳೆ. ಯಾರ ಉಸಿರಾದರೂ ತಡವರಿಸಿದರೆ ಗೋಡೆ ನಮ್ಮಂಥವರಿಗೆ ಸುದ್ದಿ ಮುಟ್ಟಿಸುತ್ತದೆ. ನಾಳ ತೆರೆದಿಡಲು ಹಾಕಿದ ಸ್ಟೆಂಟ್ ಒಳಗೆ ಮತ್ತೆ ಮಾಂಸ ಬೆಳೆದಿದ್ದರೆ ಅಂದೇ ಸರಿಮಾಡಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಕಳಿಸುತ್ತೇವೆ.

ಬಾಗಲಕೋಟೆಯ ನಿನ್ನ ತಂಗಿ ನೀಲವ್ವನಿಗೆ ನೀನು ಫೋನಿನಲ್ಲಿ ಕಳಿಸಿದ ನಲವತ್ತೊಂದು ವಾಯ್ಸ್ ಮೆಸೇಜ್ ನಮ್ಮ ಮನೆಯಲ್ಲಿವೆ. ತಲೆಮಾರುಗಳಿಂದ ನಗುವುದಕ್ಕೆಂದೇ ಅವನ್ನು ಕೇಳುತ್ತ ಬಂದಿದ್ದೇವೆ. ಸ್ಟೆಂಟ್ ಹಾಕಿಸಿಕೊಂಡು ಬಂದ ವಾರ ನೀನು ಒಂದೇ ಉಸಿರಿಗೆ ಹೇಳಿದ್ದೀಯ: “ನೀಲಾ, ನನ್ನ ಎದಿಯೊಳಗ ಹೊಸಾ ಸ್ಪ್ರಿಂಗ್ ಕುಂತೈತಿ, ಇನ್ನ ನೂರು ವರ್ಷ ನಿನ್ನ ತಲಿ ತಿಂತೀನಿ ನೋಡವಾ!” ಮೊನ್ನೆ ಮತ್ತೆ ಎಲ್ಲವನ್ನೂ ಕೇಳಿದೆ, ಈ ಸಲ ಕಸುಬಿನ ಕಿವಿಯಿಂದ. ನಲವತ್ತೊಂದನೆಯದು ಏಳು ತಿಂಗಳ ನಂತರದ್ದು, ಈ ಕಾಗದ ನಿನ್ನ ಕೈ ಸೇರುವ ದಿನವೇ ನೀನು ಕಳಿಸಿದ್ದು: “ಏನಿಲ್ಲವಾ… ರೊಟ್ಟಿ ಬಡಿಯೂ ಮುಂದ… ಸ್ವಲ್ಪ ಎದಿ ಹಿಡದಂಗ ಆಗತೈತಿ… ಗ್ಯಾಸ್ ಇರಬೇಕ… ಸುವರ್ಣಾಗ ಹೇಳಬ್ಯಾಡ…” ಅಜ್ಜಿ, ನಾನು ಅತ್ತುಬಿಟ್ಟೆ. ಒಂದೇ ಉಸಿರಿಗೆ ಮಾತಾಡುತ್ತಿದ್ದವಳು ಈಗ ನಾಲ್ಕು ಮಾತಿಗೊಂದು ಉಸಿರು ಎಳೆಯುತ್ತಿದ್ದೀಯ. ಅದು ಗ್ಯಾಸ್ ಅಲ್ಲ. ನಿನ್ನ ಸ್ಪ್ರಿಂಗಿನೊಳಗೆ ದಾರಿ ಮತ್ತೆ ಕಟ್ಟುತ್ತಿದೆ.

ಓಣಿಗೆಲ್ಲ ಪೇಢೆ ಹಂಚಿ ಗುಣವಾಯಿತು ಎಂದವಳು ಈಗ ಹೇಗೆ ಬಾಯಿ ಬಿಡಲಿ ಎಂಬ ಸಂಕೋಚ ನಿನಗೆ. ಸೊಸೆ ಸುವರ್ಣಾ ಇನ್ನು ಒಲೆಯ ಮುಂದೆ ಕೂರಲು ಬಿಡುವುದಿಲ್ಲ ಎಂಬ ಭಯ ಬೇರೆ. ಎಂಥ ಹಟಮಾರಿ ನೀನು! ಮತ್ತೆ ಕಟ್ಟಿದ್ದು ನಿನ್ನ ತಪ್ಪಲ್ಲ. ಗಾಯ ಮಾಯುವಾಗ ಕೆಲವರಿಗೆ ಚರ್ಮ ದಪ್ಪಗಾಗುವುದಿಲ್ಲವೇ, ಹಾಗೆ ಇದು. ನಿಮ್ಮ ಕಾಲದಲ್ಲೂ ಇದಕ್ಕೆ ಉಪಾಯವಿದೆ. ಔಷಧಿ ಸವರಿದ ಪುಟ್ಟ ಬಲೂನನ್ನು ಒಳಗೆ ಕಳಿಸಿ, ಉಬ್ಬಿಸಿ, ದಾರಿ ಬಿಡಿಸುತ್ತಾರೆ. ಬೇಕಾದರೆ ಇನ್ನೊಂದು ಸ್ಟೆಂಟ್ ಕೂರಿಸುತ್ತಾರೆ. ಆಮೇಲೆ ನೀನು ಮತ್ತೆ ರೊಟ್ಟಿ ಬಡಿಯಬಹುದು.

ಈ ಕಾಗದ ಓದಿದ ಕೂಡಲೇ ಸುವರ್ಣಾಳನ್ನು ಕೂಗು. ಇಬ್ಬರೂ ಈಗಲೇ ಆಸ್ಪತ್ರೆಗೆ ಹೊರಡಿ. ನನಗೆ ಗೊತ್ತಿರುವ ಕತೆಯಲ್ಲಿ ನೀನು ಕೂಗಲಿಲ್ಲ. ನಮ್ಮ ಮನೆಯಲ್ಲಿ ನಲವತ್ತೆರಡನೆಯ ಮೆಸೇಜ್ ಇಲ್ಲ. ಅದೊಂದನ್ನು ಕಳಿಸು ಅಜ್ಜಿ, ನೀಲವ್ವನನ್ನು ಬೈದಾದರೂ ಸರಿ.

ನಿನ್ನ
ಸಿರಿಗಂಗೆ