ಮೂಲವ್ಯಾಧಿ ಎಂದು ಹೇಳಿದ್ದು

೧೯೮೬ ಮಾರ್ಚ್ ೩, ಹೆಣ್ಣುಮಕ್ಕಳ ಗೊಂಬೆಹಬ್ಬ

ಯಾರದು ಓದುತ್ತಿರುವುದು? ಮುಚ್ಚು. ಮುದುಕಿಯ ದಿನಚರಿ ಪುಸ್ತಕ ಬಿಚ್ಚಲು ನಾಚಿಕೆಯಾಗುವುದಿಲ್ಲವೇ? ನಾಲ್ಕನೇ ಕ್ಲಾಸಿನ ಅಕ್ಷರ. ನಗುವುದಾದರೆ ಆಚೆ ಹೋಗಿ ನಗು.

ಗಂಜಿ ಕಟ್ಟಿಕೊಂಡು ಟೊಟ್ಟೊರಿ ಪಟ್ಟಣದ ಆಸ್ಪತ್ರೆಗೆ ಬಸ್ಸು. ಗಂಡ ಇಸಾಕು ಅರ್ಧ ಬಟ್ಟಲೂ ಉಣ್ಣಲಿಲ್ಲ. ಡಾಕ್ಟರು ನನ್ನನ್ನೂ ಮಗಳು ತೊಮೊಯೆಯನ್ನೂ ಬೇರೆ ಕೋಣೆಗೆ ಕರೆದರು. ಅವನಿಗೆ ಒಂದಲ್ಲ, ಎರಡು ಕ್ಯಾನ್ಸರ್. ಗುದನಾಳದಲ್ಲೊಂದು, ಅದರ ಮುಂದಿನ ಪ್ರಾಸ್ಟೇಟ್‌ನಲ್ಲೊಂದು. ಒಂದಕ್ಕೊಂದು ನೆಂಟಸ್ತನವಿಲ್ಲವಂತೆ.

"ಅವರಿಗೆ ಏನಂತ ಹೇಳ್ಲಿ?" ಡಾಕ್ಟರು ಕೇಳಿದರು.

ರೋಗಿಗೆ ಯಾರಾದರೂ ಹೇಳುತ್ತಾರೆಯೇ? ಮನೆಯವರೇ ಹೊರುವುದು. "ಮೂಲವ್ಯಾಧಿ ಅನ್ನಿ" ಎಂದೆ.

ಮಾರ್ಚ್ ೧೨, ಸಂಜೆ

ಒಂಬತ್ತು ಗಂಟೆ ಆಪರೇಷನ್. ತೆಗೆದದ್ದನ್ನು ಸ್ಟೀಲ್ ತಟ್ಟೆಯಲ್ಲಿಟ್ಟು ತೋರಿಸಿದರು. ಗುದನಾಳ, ಪ್ರಾಸ್ಟೇಟ್, ಮೂತ್ರಕೋಶ — ಒಂದೇ ಮುದ್ದೆ. ಪಕ್ಕದಲ್ಲಿ ದುಗ್ಧಗ್ರಂಥಿಗಳು, ಅಂದರೆ ಲಿಂಫ್ ಗಂಟುಗಳು, ನೆನೆದ ಸೋಯಾ ಕಾಳಿನ ಹಾಗೆ. "ಇವಕ್ಕೂ ಹಬ್ಬಿದೆ," ಎಂದರು ಡಾಕ್ಟರು. ತೊಮೊಯೆ ಗೋಡೆ ನೋಡಿದಳು. ನಾನು ತಟ್ಟೆಗೆ ತಲೆಬಾಗಿದೆ. ಯಾಕೋ... ಇಷ್ಟು ವರ್ಷ ಅವನೊಳಗೆ ದುಡಿದದ್ದು.

ಮಾರ್ಚ್ ೧೯

ಹೊಟ್ಟೆಯ ಮೇಲೆ ಎರಡು ಚೀಲ. ಒಂದು ಮಲಕ್ಕೆ, ಒಂದು ಮೂತ್ರಕ್ಕೆ. ಇಸಾಕು ಹೊದಿಕೆ ಎತ್ತಿ ನೋಡಿಕೊಂಡ.

"ಮೂಲವ್ಯಾಧಿಗೆ ಇಷ್ಟೆಲ್ಲಾ ಕೊಯ್ದ್ರೇನೇ, ಮುದುಕಿ?"

"ಹಳೇದಾಗಿತ್ತು. ನಿನ್ ಥರ."

"ಉಚ್ಚೆ ಚೀಲ ಏನ್ ತಪ್ಪು ಮಾಡಿತ್ತು?"

"ಕೆಟ್ಟವರ ಪಕ್ಕದ ಮನೇಲಿತ್ತಲ್ಲ."

ನಕ್ಕ. ಹೊಲಿಗೆ ಎಳೆಯಿತು. ಆಮೇಲೆ ನನ್ನ ಮುಖವನ್ನೇ ನೋಡುತ್ತಾ ಮಲಗಿದ. ಚೀಲ ಖಾಲಿ ಮಾಡುವ ನೆಪದಲ್ಲಿ ಬಗ್ಗಿದೆ.

ಏಪ್ರಿಲ್ ೨೦

ನಮ್ಮ ಪೇರ್ ಹಣ್ಣಿನ ಮರಗಳ ಹೂವಿಗೆ ಕೈಯಿಂದ ಪರಾಗ ಮುಟ್ಟಿಸುವ ಕಾಲ. ತೋಟ ಬಿಟ್ಟು ಆಸ್ಪತ್ರೆ. ಗ್ರಂಥಿಗಳ ರಿಪೋರ್ಟ್ ಬಂತು. ಕೆಲವುಗಳಲ್ಲಿ ಗುದನಾಳದ ಕ್ಯಾನ್ಸರ್, ಕೆಲವುಗಳಲ್ಲಿ ಪ್ರಾಸ್ಟೇಟಿನದು. ಈಗ ಇನ್ನೂ ಮೇಲೆ, ಬೆನ್ನುಮೂಳೆಯ ಮುಂದೆಯೂ ಊದಿವೆಯಂತೆ. ಜೂನ್‌ನಲ್ಲಿ ಮತ್ತೆ ಕೊಯ್ಯಬಹುದು.

"ವಾಸಿಯಾಗ್ತಾನಾ?" ಎಂದೆ.

"ಇಲ್ಲಮ್ಮ. ಕೊಯ್ದರೆ ಕೆಲವು ತಿಂಗಳು ಸಿಗಬಹುದು. ಸಿಗದೇನೂ ಇರಬಹುದು. ನೀವೇ ಯೋಚಿಸಿ ಹೇಳಿ."

"ಮಾಡ್ಸೋಣ ಅಮ್ಮ," ಎಂದಳು ತೊಮೊಯೆ. ಜೂನ್ ಹುಟ್ಟುವುದರೊಳಗೆ ಹೇಳುತ್ತೇನೆ ಎಂದು ಎದ್ದೆ.

ಮೇ ೧೧

ಮನೆಗೆ ಕರೆತಂದು ಹತ್ತು ದಿನ. ಇಸಾಕು ಏನನ್ನೂ ಕೇಳುವುದಿಲ್ಲ. ಕೇಳುತ್ತಿದ್ದಾಗಲೇ ವಾಸಿಯಿತ್ತು.

ಇಸಾಕು, ಈ ಪುಸ್ತಕ ನಿನ್ನ ದಿಂಬಿನ ಪಕ್ಕ ಇಟ್ಟು ತೋಟಕ್ಕೆ ಹೋಗುತ್ತೇನೆ. ಮೊದಲಿಂದ ಓದು. ಸುಳ್ಳು ಹೇಳಿಸಿದವಳು ನಾನು, ಡಾಕ್ಟರನ್ನು ಬೈಯಬೇಡ. ನಿನ್ನನ್ನು ಇನ್ನೊಮ್ಮೆ ತಟ್ಟೆಯಲ್ಲಿ ನೋಡಲು ನನಗೆ... ಬೇಡ, ನನ್ನದು ಬಿಡು. ಮೈ ನಿನ್ನದು. ಮತ್ತೆ ಕೊಯ್ಯಿಸುತ್ತೀಯೋ ಇಲ್ಲವೋ, ಇದರ ಕೆಳಗೇ ಬರೆ. ನೀನು ಸುಮ್ಮನಿದ್ದರೆ ತೊಮೊಯೆ ಹೂಂ ಎಂದುಬಿಡುತ್ತಾಳೆ. ಜೂನ್ ಹುಟ್ಟುವುದರೊಳಗೆ ಬರೆ. ಪೆನ್ಸಿಲ್ ಚೂಪು ಮಾಡಿ ಪುಸ್ತಕದೊಳಗೆ ಇಟ್ಟಿದ್ದೇನೆ.