ಅವ್ವನ ಕರಡಿಗೆ

ಇಳಕಲ್ಲ
ಶನಿವಾರ, ೩ ಸೆಪ್ಟೆಂಬರ್ ೧೯೮೩

ಅಂದಪ್ಪಣ್ಣನಿಗೆ ಗುರುಲಿಂಗವ್ವನ ಶರಣು.

ಒಂದು ಮಾತನ್ನು ಬರೆಯದೇ ಬಿಡುವವಳಿದ್ದೆ. ಗುರುವಾರ ನೀನು ಹೋದ ಮೇಲೆ ನಿನ್ನೆ ಸಂಜೆಯವರೆಗೆ ಅವ್ವ ಹನಿ ನೀರು ಮುಟ್ಟಲಿಲ್ಲ. ನೀನು ಹೆದರಬಾರದೆಂದು ಮುಚ್ಚಿಡುವವಳಿದ್ದೆ. ನೀನು ಹೆದರುವವನಲ್ಲ ಎಂಬುದು ಆಮೇಲೆ ಹೊಳೆಯಿತು.

ವರ್ಷಕ್ಕೊಮ್ಮೆ ಬರುವವನು ಬಂದೆ. ಅಮೀನಗಡದಲ್ಲಿ ಬಸ್ಸಿಳಿದು ಕರದಂಟು ತಂದೆ, ಹಲ್ಲೇ ಇಲ್ಲದ ಅವ್ವನಿಗೆ! ಅವಳು "ಯಾರ ಪೈಕಿರಿ ನೀವು?" ಎಂದು ಕೇಳಿದಾಗ ಹೊಟ್ಟೆ ಹಿಡಿದು ನಕ್ಕೆ. ನಾನು ಹುಬ್ಬಳ್ಳಿಯ ಡಾಕ್ಟರು ಇದು ಆಲ್‌ಝೈಮರ್, ಮಿದುಳಿನ ರೋಗ ಎಂದಿದ್ದನ್ನು ಹೇಳಿದೆ. "ಇಂಗ್ಲಿಷ್ ಸಾಲಿ ಕಲ್ತಾಕಿಗೆ ಅರಳುಮರಳೂ ಇಂಗ್ಲಿಷಿನ್ಯಾಗ ಬೇಕು" ಎಂದು ನೀನು ನನ್ನನ್ನು ಚುಚ್ಚಿದೆ. ಹೊರಡುವಾಗ ಅವಳ ಕೊರಳಿಂದ ಲಿಂಗದ ಕರಡಿಗೆ ಬಿಚ್ಚಿ ಜೇಬಿಗಿಟ್ಟುಕೊಂಡೆ. "ಎಲ್ಲೆರ ಚೆಲ್ಲಿ ಬಂದಾಳು, ಬೆಳ್ಳೀದೈತಿ. ಅಕಿಗೇನ್ ತಿಳೀತೈತಿ, ಬಿಡವಾ." ಒಳಗಿನ ಲಿಂಗವನ್ನಾದರೂ ಬಟ್ಟೆಯಲ್ಲಿ ಕಟ್ಟಿಟ್ಟು ಹೋಗಬಹುದಿತ್ತು. ಬಸವ ಜಯಂತಿಯ ದಿನ ತಾಯಿಯ ಸೇವೆಯೇ ಲಿಂಗಪೂಜೆ ಎಂದು ಭಾಷಣ ಬಿಗಿದವನಿಗೆ ಅಷ್ಟೂ ಹೊಳೆಯಲಿಲ್ಲ.

ಅವ್ವ ಜಳಕ ಮಾಡಿ, ಎಡಗೈ ಅಂಗೈ ಚಾಚಿ ಪೂಜೆಗೆ ಕುಳಿತಳು. ಬಲಗೈ ಎದೆ ತಡಕಿತು. ಕುಪ್ಪಸ, ದಿಂಬು, ಹಾಸಿಗೆ ಎಲ್ಲ ಹುಡುಕಿದಳು. ಅಣ್ಣ ಒಯ್ದಿದ್ದಾನೆ ಎಂದು ನಾನು ಹೇಳಿದೆ. ಮರೆತು ಮತ್ತೆ ಹುಡುಕಿದಳು. ತಾಟು ಇಟ್ಟರೆ ಸರಿಸಿ, "ಲಿಂಗ ಇಲ್ದ ಹೆಂಗ ಉಣ್ಲೆವಾ?" ಎಂದಳು. ನಮ್ಮಿಬ್ಬರ ಹೆಸರೂ ಅವಳಿಗೆ ನೆನಪಿಲ್ಲ. ಇದೊಂದು ಉಳಿದಿದೆ.

ಇಷ್ಟು ತಿರಸ್ಕಾರ ಸರಿಯೇ ಎಂದು ನನ್ನನ್ನೇ ಕೇಳಿಕೊಂಡೆ. ನೀನು ಕಳ್ಳನಲ್ಲ, ಜಾಗರೂಕ ಮನುಷ್ಯ. ನನಗೆ ಹೇಸಿಗೆಯಾಗುವುದು ಅದಕ್ಕೇ.

ಬೆಳ್ಳಿ ನೀನೇ ಇಟ್ಟುಕೋ. ಲಿಂಗ ಕಳಿಸು. ನೀನು ಬರಬೇಕಿಲ್ಲ. ಕರದಂಟೂ ಬೇಡ.

ನಿನ್ನ ತಂಗಿ,
ಗುರುಲಿಂಗವ್ವ

ತಾ.ಕ.: ನಿನ್ನೆ ಸಂಜೆ ಅವಳಿಗೆ ನನ್ನ ಲಿಂಗ ಕೊಟ್ಟೆ. ಕಾನ್ವೆಂಟಿಗೆ ಹೋಗುವಾಗ ಬಿಚ್ಚಿ ಟ್ರಂಕಿನಲ್ಲಿಟ್ಟದ್ದು. ಒಬ್ಬರ ಲಿಂಗ ಇನ್ನೊಬ್ಬರು ಪೂಜಿಸಬಾರದೆಂದು ಗೊತ್ತು. ಅವ್ವ ಪೂಜೆ ಮಾಡಿ, ನೀರು ಕುಡಿದು, ಅರ್ಧ ರೊಟ್ಟಿ ಹಾಲಿನಲ್ಲಿ ನೆನೆಸಿ ಉಂಡಳು. ಆಮೇಲೆ ನನ್ನ ಕೊರಳು ಸವರಿ, "ಯಾರ ಮಗಳವಾ ನೀ? ಬರೇ ಕೊರಳಾಗ ಅದಿಯಲ್ಲ" ಎಂದು ತನ್ನದನ್ನು ಬಿಚ್ಚಿ ನನಗೇ ಕಟ್ಟಿದಳು. ಈಗ ಹೊತ್ತು ಹೊತ್ತಿಗೂ ನಾನು ಅವಳಿಗೆ ಕಟ್ಟುತ್ತೇನೆ, ಅವಳು ನನಗೆ ಕಟ್ಟುತ್ತಾಳೆ.

ಇಂದಿನ ಅಂಚೆ ಹೋಗಿಯಾಯಿತು, ನಾಳೆ ಅಂಚೆ ಇಲ್ಲ. ಒಂದು ದಿನ ಯೋಚಿಸಿದರೂ ಒಂದಕ್ಷರ ಅಳಿಸಲಾರೆ. ಇದನ್ನು ಡಬ್ಬಿಗೆ ಹಾಕುವುದು ಸೋಮವಾರ, ೫ ಸೆಪ್ಟೆಂಬರ್ ೧೯೮೩.