ಸೂರಿನ ಕೆಳಗಿನ ಜಾಗ

ಮರಗೆಲಸದ ಶೆಡ್ಡು, ಜೂನ್ ೮, ಭಾನುವಾರ

ಪ್ರೀತಿಯ ಮೊಮ್ಮಗಳೇ, ನನ್ನ ಪಿಟೀಲೇ,

ಹೇಗಿದ್ದೀಯಾ? ಚಿಕ್ಕಮ್ಮನ ಮನೆಯಲ್ಲಾದರೂ ಹೊಟ್ಟೆ ತುಂಬ ಉಣ್ಣುತ್ತೀಯೋ, ಅಲ್ಲೂ ಅರ್ಧಕ್ಕೇ ಏಳುತ್ತೀಯೋ? ಡಾಕ್ಟರು ಕೊಟ್ಟ ಇಂಜೆಕ್ಷನ್ ಸದಾ ಚೀಲದಲ್ಲಿರಲಿ. ಬಸ್ಸು ಕಂಡರೇ ಹೊಟ್ಟೆ ತೊಳೆಸುವ ನಾನು ಬಂದು ನೋಡುವಂತೆಯೂ ಇಲ್ಲ. ನಾನು ಗಟ್ಟಿಯಾಗಿದ್ದೇನೆ; ಮಂಡಿ ಮಾತ್ರ ಹಳೇ ಬಾಗಿಲಿನ ಹಾಗೆ ಕಿರ್ ಎನ್ನುತ್ತದೆ.

"ಕಣಜ ಎಲ್ಲಾ ಹೋದ್ವಾ ತಾತ, ರಜಕ್ಕೆ ಬರ್ಲಾ?" ಎಂದು ಕೇಳಿದ್ದೀಯ. ಹೇಳುತ್ತೇನೆ, ತಾಳು. ಹೋದ ವರ್ಷ ನಿನಗೆ ಕುಟುಕಿದ್ದು ಹಳದಿ ಪಟ್ಟೆಯ ಕಣಜ. ಅದು ಇಲ್ಲಿಯದಲ್ಲ, ನೀನು ಒಂದನೇ ಕ್ಲಾಸಿನಲ್ಲಿದ್ದಾಗ ಪರದೇಶದ ಮರದ ಪೆಟ್ಟಿಗೆಗಳಲ್ಲಿ ಬಂದು ನಮ್ಮ ಸೂರಿಗೆ ಕೊಡೆಯಂಥ ಗೂಡು ತೂಗುಹಾಕಿದ್ದು. ನಿನ್ನ ಗಂಟಲು ಊದಿಕೊಂಡ ದಿನ ಡಾಕ್ಟರು, ಇನ್ನೊಮ್ಮೆ ಕುಟುಕಿದರೆ ಆಸ್ಪತ್ರೆ ಮುಟ್ಟುವುದೂ ಕಷ್ಟ ಎಂದರಲ್ಲ, ಆ ಮಾತು ಬೀದಿಯವರೆಲ್ಲರ ಎದೆಯಲ್ಲಿ ಕೂತಿತ್ತು. ಹಾಗಾಗಿ ಈ ಸಲ ಚಳಿ ಮುಗಿದು ಅವು ಹೊಸ ಗೂಡಿಗೆ ಕೈಹಾಕಿದ ಕೂಡಲೇ ಎಲ್ಲರೂ ಸೇರಿ ಹೊರಟೆವು. ದರ್ಜಿ ಏಣಿ ತಂದ, ಬೇಕರಿಯವಳು ಉದ್ದನೆಯ ಪೊರಕೆ ತಂದಳು. ಬೆಳ್ಳಂಬೆಳಗ್ಗೆ ಥಂಡಿಗೆ ಮರಗಟ್ಟಿ ಕೂತಿದ್ದ ಹುಳುಗಳನ್ನೆಲ್ಲ ಗುಡಿಸಿ ಹಾಕಿದೆವು. ನಾನು ಹಿಡಿದ ಕೆಲಸ ಅರ್ಧಕ್ಕೆ ಬಿಡುವವನೇ? ಬೀದಿಯ ಸೂರುಗಳನ್ನೆಲ್ಲ ಹೆರೆದು ಕೊಟ್ಟೆ. "ಇನ್ನು ಮೊಮ್ಮಗಳನ್ನ ಕರೆಸ್ಕೊಳ್ಳಿ," ಎಂದು ಬೇಕರಿಯವಳು ಎಲ್ಲರಿಗೂ ಚಹಾ ಕೊಟ್ಟಳು.

ಒಂದೂವರೆ ತಿಂಗಳಿಗೇ ಬೇರೆಯವು ಬಂದವು ಕಣೇ. ಕಪ್ಪು ಮೈ, ಹಳದಿ ಕಾಲು, ಗೂಡು ಮಡಕೆಯ ಹಾಗೆ ಮುಚ್ಚಿಕೊಂಡದ್ದು. ಹಳದಿ ಪಟ್ಟೆಯವು ತಮ್ಮ ಪಾಡಿಗೆ ತಾವಿರುತ್ತಿದ್ದವು. ಇವು ಗರಗಸದ ಸದ್ದಿಗೇ ಎದ್ದು ಬರುತ್ತವೆ. ಕೀಟ ಇಲಾಖೆಯ ಹುಡುಗಿ ಬಂದು ಸೂರು ನೋಡಿ ನಿಟ್ಟುಸಿರು ಬಿಟ್ಟಳು. "ಇವೂ ಹೊರಗಿಂದ ಬಂದಿರೋವೇ ತಾತ. ಅವಕ್ಕೂ ಇವಕ್ಕೂ ಬೇಕಾಗಿದ್ದು ಇದೇ ಸೂರು, ಇದೇ ನೊಣ. ಅವು ಗುಂಪಾಗಿ ತುಂಬ್ಕೊಂಡಿದ್ದಷ್ಟು ದಿನ ಇವನ್ನ ಕಾಲೂರೋಕೆ ಬಿಡ್ಲಿಲ್ಲ. ನೀವು ಜಾಗ ಖಾಲಿ ಮಾಡಿಕೊಟ್ರಿ." ದರ್ಜಿ ತಲೆ ತಗ್ಗಿಸಿ ಏಣಿ ಹೊತ್ತುಕೊಂಡು ಹೋದ.

ಯಾರ ಮೇಲೆ ಸಿಟ್ಟು ಮಾಡಲಿ ಹೇಳು? ನಿನ್ನ ಪ್ರಾಣಕ್ಕೆ ಬಂದ ಹುಳುಗಳನ್ನು ಬಿಡುವುದಕ್ಕೂ ಆಗುತ್ತಿರಲಿಲ್ಲ, ತೆಗೆದದ್ದಕ್ಕೆ ಹೀಗಾಯಿತು. ನಿನ್ನೆ ಎಲ್ಲಿಂದಲೋ ಒಂದು ಹಳದಿ ಪಟ್ಟೆಯದು ಬಂದು ನಿನ್ನ ಸ್ಟೂಲಿನ ಕಾಲನ್ನು ಕರಕರ ಕೆರೆಯುತ್ತಿತ್ತು, ಗೂಡಿಗೆ ನಾರು ಬೇಕಲ್ಲ. ಕಪ್ಪಿನದೊಂದು ಬಂದು ಅದನ್ನು ಹಾಗೇ ಹೊತ್ತೊಯ್ದಿತು. ಅಯ್ಯೋ ಪಾಪ ಎಂದುಬಿಟ್ಟೆ! ನಗಬೇಡ. ಇಲಾಖೆಯವರು ಗೂಡು ತೆಗೆಯುತ್ತಾರಂತೆ, ಆದರೆ ಮತ್ತೆ ಬರುವುದಿಲ್ಲ ಎಂದು ಮಾತು ಕೊಡುವವರು ಯಾರೂ ಇಲ್ಲ. ನೀನು ಹಲಗೆ ನಯ ಮಾಡುತ್ತಿದ್ದ ಕೀಸುಳಿಗೆ ಎಣ್ಣೆ ಸವರಿ ಬಟ್ಟೆ ಸುತ್ತಿಟ್ಟಿದ್ದೇನೆ.

ಚಿಕ್ಕಮ್ಮನನ್ನು ಕೇಳಿದೆನೆಂದು ಹೇಳು. ನೂರು ಕಾಲ ಬಾಳು, ಮಗಳೇ.

ನಿನ್ನ
ತಾತ

ಲಕೋಟೆ ಅಂಟಿಸುವ ಮುಂಚೆ: ನೀನು ಬರಬೇಡ. ರಜಕ್ಕೂ ಬೇಡ. ಇದೊಂದು ಮಾತಿಗೆ ಇಷ್ಟು ಸುತ್ತಿ ಬಳಸಿದೆ. ಶೆಡ್ಡಿಗೆ ಬೀಗ ಹಾಕಿ, ನಿನ್ನ ಕೀಸುಳಿ ಹಿಡಿದು ಶನಿವಾರದ ಬಸ್ಸಿಗೆ ನಾನೇ ಬರುತ್ತೇನೆ, ವಾಂತಿಯಾದರೆ ಆಗಲಿ. ಅಲ್ಲಿ ಹಿತ್ತಲಲ್ಲಿ ಒಂದು ಕೆಲಸದ ಮೇಜಿನಷ್ಟು ಜಾಗ ಕೇಳಿಡು. ಆ ಮನೆಯ ಸೂರಿನಲ್ಲಿ ಏನೇ ಕಂಡರೂ ನೀನು ಹತ್ತಿರ ಹೋಗಬೇಡ, ಯಾರೂ ಪೊರಕೆ ಎತ್ತಬೇಡಿ. ನಾನು ಬಂದು ಮೊದಲು ನೋಡುತ್ತೇನೆ.